ಅತ್ತಿಗೆ ಕುರ್ಚಿ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದೂರು ಕೇಳಿ ಮೀಸೆ ಕಾನ್‌ಸ್ಟೇಬಲ್ ಕಿಸಕ್ಕನೆ ನಕ್ಕ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರೆ ಸಾಕು, ಮನೆಯ ಕ್ಯಾಮೆರಾ ಪಿಸುಗುಟ್ಟಿ ಎಬ್ಬಿಸುತ್ತದಂತೆ! ದೂರು ತಂದವಳು ತುಂಬು ಬಸುರಿ, ಆ ಮನೆಗೆ ಎರಡನೇ ಹೆಂಡತಿಯಾಗಿ ಬಂದವಳು.

"ನಂಗೆ ತಲೆ ಕೆಟ್ಟಿದೆ ಅಂತಾರೆ ನಮ್ಮನೆಯವ್ರು. ಭಾನುವಾರ ತವರಿಗೆ ಬಿಟ್ಟು ಬರ್ತಾರಂತೆ. ಹೋದ್ರೆ ಮತ್ತೆ ಕರ್ಕೊಳ್ಳಲ್ಲ ಮೇಡಂ," ಎಂದಳು.

"ಕ್ಯಾಮೆರಾ ಬದಲಾಯಿಸಿದ್ರಾ?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ಮೂರು ಸಲ. ಎಲ್ಲಾ ವೈರ್‌ಲೆಸ್ಸು, ಬೇರೆ ಬೇರೆ ಕಂಪನೀದು. ದನಿ ಮಾತ್ರ ಅದೇ. ಅದು ಮೊದಲನೆಯವಳ ಕುರ್ಚಿ. ತೀರ್ಕೊಂಡವಳೇ ಬಂದಿದ್ದಾಳೆ."

"ದೆವ್ವಕ್ಕೆ ಎಫ್‌ಐಆರ್ ಹಾಕೋದು ಹೇಗೆ ಮೇಡಂ?" ಎಂದ ಮೀಸೆ. ಇನ್‌ಸ್ಪೆಕ್ಟರಮ್ಮ ಅವನನ್ನು ಕಣ್ಣಲ್ಲೇ ಗದರಿಸಿ, ಅಪರಿಚಿತ ವ್ಯಕ್ತಿಯ ಮೇಲೆ ದೂರು ದಾಖಲಿಸಿದರು.

ಮಧ್ಯಾಹ್ನ ಮೀಸೆಯನ್ನೂ ಕರೆದುಕೊಂಡು ಮಫ್ತಿಯಲ್ಲಿ ಆ ಮನೆಗೆ ಹೋದರು. ದೂರುದಾರಳ ಶಾಲನ್ನು ತಲೆಯ ಮೇಲೆ ಹೊದ್ದು, ಕ್ಯಾಮೆರಾಕ್ಕೆ ಬೆನ್ನು ಮಾಡಿ ಆ ಕುರ್ಚಿಯಲ್ಲಿ ತಾವೇ ಕೂತರು. ಮನೆಯೆಲ್ಲ ಬಿಕೋ ಎನ್ನುತ್ತಿತ್ತು. ಬೆನ್ನ ಹಿಂದೆ ಕ್ಯಾಮೆರಾ ಗುಂಯ್ ಎಂದು ತಿರುಗಿ ನಿಂತಿತು. ಆಮೇಲೆ ಕಿವಿಯ ಹತ್ತಿರವೇ ಯಾರೋ ಉಸಿರುಬಿಟ್ಟ ಹಾಗೆ:

"ಅತ್ತಿಗೆ ಕುರ್ಚಿ... ಏಳು."

ಎಷ್ಟೋ ಹೆಣ ಕಂಡ ಇನ್‌ಸ್ಪೆಕ್ಟರಮ್ಮನಿಗೂ ಮೈ ಜುಮ್ಮೆಂದಿತು. ಅಡುಗೆಮನೆಯಲ್ಲಿದ್ದ ಮೀಸೆಯ ನಗು ಅಲ್ಲಿಗೇ ಹಾರಿಹೋಯಿತು.

ಕ್ಯಾಮೆರಾ ಕಳಚಿ, ಪಂಚರ ಮುಂದೆ ಪಂಚನಾಮೆ ಬರೆಯುತ್ತ ಅವರು ಕೇಳಿದರು, "ನಿಮ್ಮನ್ನ ಅತ್ತಿಗೆ ಅಂತ ಕರಿಯೋರು ಯಾರಮ್ಮ?"

"ಯಾರೂ ಇಲ್ಲ. ಹಾಸ್ಟೆಲಲ್ಲಿ ನಾದಿನಿ ಇದ್ದಾಳೆ, ಒಂದು ದಿನಾನೂ ಹಾಗೆ ಕರೆದಿಲ್ಲ. ಬರೀ 'ರೀ' ಅಂತಾಳೆ."

"ಹಾಗಾದ್ರೆ ಆ ಮಾತು ನಿಮ್ಮನ್ನ ಕರೆದದ್ದಲ್ಲ. ಕುರ್ಚಿ ಯಾರದು ಅಂತ ಹೇಳಿದ್ದು. ಸತ್ತವಳೇ ಆಗಿದ್ರೆ 'ನನ್ನ ಕುರ್ಚಿ' ಅಂತಿದ್ಲು. ಈ ಕ್ಯಾಮೆರಾಗಳನ್ನ ಆರಿಸಿದ್ಯಾರು?"

ಅವಳ ಮುಖ ಬಿಳಿಚಿತು. "ನಾದಿನೀನೇ. ಯಾವುದರ ಚಿತ್ರ ಚೆನ್ನ, ಯಾವುದರ ಬ್ಯಾಟರಿ ಬಾಳತ್ತೆ ಅಂತ ಓದಿ ಆರಿಸಿ, ತನ್ನ ಫೋನಲ್ಲಿ ಜೋಡಿಸಿ, ಆಮೇಲೆ ನಮಗೆ ಕೊಡ್ತಿದ್ಲು. ಮಾತಾಡೋ ಕ್ಯಾಮೆರಾನೇ ಬೇಕು ಅಂತ ಹಟ ಹಿಡೀತಿದ್ಲು."

ಗುರುವಾರ ಕ್ಯಾಮೆರಾ ಕಂಪನಿಯ ಉತ್ತರ ಬಂತು. ದನಿ ಹೊರಟದ್ದು ನಾದಿನಿಯ ಫೋನಿನಿಂದಲೇ. ಸಂಜೆ ಮಹಿಳಾ ಪೇದೆ ಆಕೆಯನ್ನು ಬಂಧಿಸಿ ಕರೆತಂದಳು. ಅವಳ ಅಣ್ಣ, ಅವನ ಹೆಂಡತಿ ಇಬ್ಬರೂ ಠಾಣೆಯಲ್ಲೇ ಇದ್ದರು.

"ಯಾಕಮ್ಮ ಹೀಗ್ಮಾಡ್ದೆ?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ಅಮ್ಮ ಇಲ್ಲದ ನನ್ನನ್ನ ಸಾಕಿದವಳು ಅತ್ತಿಗೆ. ಅವಳು ಹೋಗಿ ವರ್ಷ ತುಂಬೋ ಮೊದಲೇ ಮನೇಲಿ ಅವಳ ಹೆಸರೆತ್ತೋರೇ ಇರಲಿಲ್ಲ. ಅಣ್ಣನೂ ಅಷ್ಟೇ. ಅವಳು ಇದ್ಲು ಅಂತ ಯಾರಾದ್ರೂ ಹೇಳ್ಬೇಕಿತ್ತು ಮೇಡಂ."

ಇನ್‌ಸ್ಪೆಕ್ಟರಮ್ಮ ಅವಳಿಗೆ ಕುರ್ಚಿ ಎಳೆದು ಕೂರಿಸಿದರು. ಆದರೂ ಕಾನೂನು ಕಾನೂನೇ. ಹೇಳಿಕೆ ಬರೆಯಲು ಪೆನ್ನು ತೆಗೆದು ದೂರುದಾರಳ ಗಂಡನ ಕಡೆ ತಿರುಗಿದರು.

"ತೀರಿಕೊಂಡವರ ಹೆಸರೇನ್ರೀ?"

ಅವನು ನೆಲ ನೋಡುತ್ತ ನಿಂತ.

ಕೊನೆಗೆ ಹೆಸರು ಹೇಳಿದವಳು ಎರಡನೇ ಹೆಂಡತಿ.