ಹೋಗದಿರಲಿ ಈ ಕಲೆ

ಸಂಶೋಧನಾ ಕೇಂದ್ರದ ಹಿತ್ತಲಿನಲ್ಲಿ ಬಟ್ಟೆಗಂಟು ಬಿಚ್ಚಿ, ಕಾಲುಚೀಲ ಒಂದು ಕಡೆ, ಪ್ಯಾಂಟು ಒಂದು ಕಡೆ ಹಾಕುತ್ತಿದ್ದವಳ ಕೈ ತಟ್ಟನೆ ನಿಂತಿತು.

ಅವನ ಅಂಗಿ. ಎದೆಯ ತುಂಬ ಕೆಂಪು...

ಕಾಡಿನ ಎತ್ತರದ ಮರಗಳನ್ನು ಹತ್ತಿ ಹೂವು, ಕಾಯಿ ಇಳಿಸಿ ತರುವುದು ಅವನ ಕೆಲಸ. ಹಾಗೆ ಮರ ಹತ್ತುವವರ ತಂಡದ ಬಟ್ಟೆ ಒಗೆಯುವುದು ಇವಳದೂ ಇವಳ ಅಕ್ಕನದೂ. ಅಕ್ಕನ ಗಂಡನೂ ಮರ ಹತ್ತುವವನೇ. ಅವನು ಬಿದ್ದು ಸತ್ತ ದಿನವೂ ಮೊದಲು ಬಂದದ್ದು ಅಂಗಿಯೇ.

ಅಕ್ಕ ನೋಡಿದಳು. ಬಕೆಟ್ಟಿನ ಪಕ್ಕದಲ್ಲೇ ಕುಸಿದಳು.

ಗಂಟು ತಂದ ಜೀಪಿನ ಡ್ರೈವರಣ್ಣನನ್ನು ಕೇಳಿದರೆ, ದಾರಿ ಮುಗಿಯುವಲ್ಲಿ ಗಂಟು ಮಾತ್ರ ಇಟ್ಟಿತ್ತು, ನರಪಿಳ್ಳೆಯೂ ಕಾಣಲಿಲ್ಲ ಎಂದ.

ಅವನು ಮೊದಲ ಸಲ ಎದುರು ನಿಂತಾಗಲೂ ಇಂಥದೇ ಅಂಗಿ. ಯಾರನ್ನು ಕೊಂದು ಬಂದಿರಿ ಎಂದು ಇವಳು ಹಿಂದೆ ಸರಿದಿದ್ದಳು. ಕಾಡು ಜಾಜಿಕಾಯಿ ಕುಲದ ಮರಗಳೇ ಹಾಗೆ, ಕತ್ತಿ ತಾಗಿದರೆ ರಕ್ತದಂಥ ರಸ ಸುರಿಸುತ್ತವೆ ಎಂದು ಅವನು ನಕ್ಕಿದ್ದ. ಎಷ್ಟು ಉಜ್ಜಿದರೂ ಕಲೆ ಜಗ್ಗಿರಲಿಲ್ಲ.

"ಹೋಗದಿದ್ರೆ ಬಿಡಿ... ಜೀವನವಿಡೀ ನೀವೇ ಒಗೀತಾ ಇರಿ," ಅಂದಿದ್ದ, ನೆಲ ನೋಡುತ್ತ.

ಆಮೇಲೆ ಕಾಗದ ಬರೆದೇ ಕೇಳಿದ. ಇವಳು ಒಪ್ಪಿಗೆ ಬರೆದಳು, ಬರೆದು ಸೋಪಿನ ಡಬ್ಬಿಯಡಿ ಬಚ್ಚಿಟ್ಟಳು. ಹೂಂ ಅಂದರೆ ಅಕ್ಕನ ಗತಿಯೇ ತನಗೂ ಬಂದೀತೆಂಬ ಹೆದರಿಕೆ.

ಈಗ ಇದು ರಕ್ತವೋ, ಮರದ ರಸವೋ?

ರಕ್ತವಾದರೆ ತಣ್ಣೀರಿಗೆ ಬಿಡುತ್ತದೆ. ಮರದ್ದಾದರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅಂಗಿಯನ್ನು ತಣ್ಣೀರಿನಲ್ಲಿ ಮುಳುಗಿಸಿದಳು. ನೀರು ಕೆಂಪಾದರೆ...?

ಹೋಗಬೇಡ... ದಯವಿಟ್ಟು ಹೋಗಬೇಡ... ಇಷ್ಟು ದಿನ ಕಲೆಗಳಿಗೆ ಶಾಪ ಹಾಕುತ್ತಿದ್ದವಳು ಇಂದು ಒಂದು ಕಲೆಯ ಕಾಲು ಹಿಡಿದಿದ್ದಳು.

ಹಿಂಡಿದಳು. ಮತ್ತೆ ಮುಳುಗಿಸಿದಳು. ಉಸಿರು ಬಿಗಿಹಿಡಿದು ನೋಡಿದಳು.

ನೀರು ತಿಳಿಯಾಗಿಯೇ ಇತ್ತು. ಕಲೆ ಕದಲಿರಲಿಲ್ಲ.

ಒದ್ದೆ ಅಂಗಿಯನ್ನು ಎದೆಗವಚಿಕೊಂಡು ಅತ್ತಳು.

"ಇವತ್ತು ಉಳಿದ," ಅಕ್ಕ ಮೆಲ್ಲಗೆ ಅಂದಳು. "ನಾಳೆ?"

"ನಾಳೆನೂ ಹೆದರ್ತೀನಿ ಅಕ್ಕ. ಹೂಂ ಅನ್ನದೇನೇ ಇಷ್ಟು ಹೆದರಿದ್ನಲ್ಲ... ಹೂಂ ಅಂದೇ ಹೆದರ್ತೀನಿ, ಬಿಡು."

ಅಕ್ಕ ಎದ್ದು ಸೋಪಿನ ಡಬ್ಬಿ ಎತ್ತಿ, ಅಡಿಯಲ್ಲಿದ್ದ ಕಾಗದವನ್ನು ತಂಗಿಯ ಕೈಗಿಟ್ಟಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು!

ಜೀಪು ಹೊರಡುತ್ತಿತ್ತು. ಇವಳು ಓಡಿಹೋಗಿ ಕಾಗದ ಚಾಚಿದಳು. ಡ್ರೈವರಣ್ಣ ಮೂಸಿ ನೋಡಿದ.

"ಏನಮ್ಮಾ, ಕಾಗದಾನೂ ಒಗೆದಿದ್ದೀಯಾ? ಬಾಯಲ್ಲೇನಾದ್ರೂ ಹೇಳ್ಬೇಕಾ?"

"ಕಲೆ ಹೋಗ್ಲಿಲ್ಲ ಅಂತ ಹೇಳಿ, ಅಣ್ಣ."

ಅವನು ಕಾಗದವನ್ನು ಜೇಬಿಗಿಳಿಸಿದ. ಜೀಪು ಕಾಡಿನ ಕಡೆ ತಿರುಗಿತು.