ಮಾಳವ್ವನಲ್ಲಿ ಸೀಸ ಕರಗಿಸಿದ್ದು

"ಅಯ್ಯೋ ಶಿವನೇ! ಮಾಳವ್ವ ಕಾಣವಲ್ಲಳು!"

ಅಡುಗೆಮನೆಯಿಂದ ಸಂಗಮ್ಮಜ್ಜಿ ಕೂಗಿದ್ದು ನಾಶಿಕದ ಆ ಬಿಲ್ಡಿಂಗಿನ ಮೂರು ಮಹಡಿಗೂ ಕೇಳಿಸಿತು. ಎದುರು ಮನೆಯ ಮೃದುಲಾ ಕಾಕು ಹಿಟ್ಟು ಹತ್ತಿದ ಕೈಯಲ್ಲೇ ಓಡಿ ಬಂದರು.

"ಅಗಬಾಯಿ! ವಯ ಕಿತಿ?" ಎಂದು ಕಳೆದುಹೋದವಳ ವಯಸ್ಸು ಕೇಳಿದರು.

"ನಲ್ವತ್ತರ ಮ್ಯಾಲ ಆಗ್ಯಾದ," ಎಂದಳು ಅಜ್ಜಿ.

"ರಂಗ?"

"ಹೊರಗ ಹಳದಿ. ಒಳಗ ಬಿಳಿ."

ಪೊಲೀಸರಿಗೆ ಫೋನ್ ಮಾಡಲು ಹೊರಟಿದ್ದ ಕಾಕು ಅಲ್ಲೇ ನಿಂತುಬಿಟ್ಟರು.

ಮಾಳವ್ವ ಒಂದು ಹಿತ್ತಾಳೆಯ ಬೋಗುಣಿ. ಅಜ್ಜಿಯ ಪಾತ್ರೆಗಳ ಮೇಲೆಲ್ಲ ಕೊಟ್ಟವರ ಹೆಸರು ಕೊರೆದಿತ್ತು. ಮನೆಯವರು ಪಾತ್ರೆಗಳನ್ನು ಆ ಹೆಸರು ಹಿಡಿದೇ ಕರೆಯುತ್ತಿದ್ದರು. "ಅಂಬುಜಾ ಉಕ್ಕಿದ್ಲು, ಗ್ಯಾಸ್ ಬಂದ್ ಮಾಡು" ಎಂದರೆ ಹಾಲು ಉಕ್ಕಿದೆ ಎಂದರ್ಥ. ಕುಕ್ಕರಿನ ಹೆಸರು ಗುರುಲಿಂಗಪ್ಪ. ಅವನು ದಿನಾ ಸೀಟಿ ಹೊಡೆಯುತ್ತಿದ್ದ.

ಹತ್ತು ವರ್ಷದ ಉಮಾಶ್ರೀ ಬಾಗಿಲ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಳು. ಮಾಳವ್ವ ಎಲ್ಲಿದ್ದಾಳೆ ಎಂದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಎಲ್ಲ ಶುರುವಾದದ್ದು ಭಾನುವಾರ. ಸೈನ್ಸ್ ಎಕ್ಸಿಬಿಷನ್‌ಗೆ ಅವಳು ಬೀಳದ ಗೊಂಬೆ ಮಾಡಬೇಕಿತ್ತು. ಗೊಂಬೆಯ ಬುಡಕ್ಕೆ ಭಾರ ಬೇಕು. ಬಿಡಕಿನ್ ಎಂಬ ಊರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಶಿವಕಾಂತ ಕಾಕಾ ರಜೆಗೆ ಬರುವಾಗ ಟೈರ್ ಅಂಗಡಿಯಿಂದ ಸೀಸದ ತುಂಡು ತಂದಿದ್ದ. ಅಜ್ಜಿ ಗುಡಿಗೆ, ಅಮ್ಮ ಬಜಾರಿಗೆ ಹೋಗಿದ್ದರು. ಸೀಸ ಕರಗಿಸಲು ಯಾವುದು ಆದೀತೆಂದು ಕಾಕಾ ಪಾತ್ರೆಗಳ ಮುಂದೆ ಡಾಕ್ಟರನಂತೆ ನಿಂತ.

"ಅಂಬುಜಾ?" ಎಂದಳು ಉಮಾಶ್ರೀ.

"ಬ್ಯಾಡ, ಭಾಳ ತೆಳ್ಳಗ ಅದಾಳ. ಬಿಸಿ ತಡಿಯಂಗಿಲ್ಲ."

"ಗುರುಲಿಂಗಪ್ಪ?"

"ಅಂವ ಅಲ್ಯುಮಿನಿಯಮ್. ಸೀಸದ ಜೋಡಿ ಅಂವನೂ ಕರಗಿದ್ರ ನಮ್ಮವ್ವಗ ಏನ್ ಹೇಳ್ಲಿ?"

ಕಾಕಾ ಕೊನೆಗೆ ಮಾಳವ್ವನ ತಳವನ್ನು ಬೆರಳಿನಿಂದ ತಟ್ಟಿ ನೋಡಿದ. "ಗಟ್ಟಿ ಹೆಣ್ಮಗಳು! ಇಕಿನೇ ಫುಲ್ ಸೇಫ್."

ಪಾತ್ರೆ ಬಿಸಿ ತಡೆಯುತ್ತದೋ ಇಲ್ಲವೋ ಎಂದಷ್ಟೇ ಅವರು ನೋಡಿದರು. ಸೀಸ ಕರಗುವ ಮೊದಲೇ ಮಾಳವ್ವನ ಒಳಗಿನ ಬಿಳಿ ಕಲಾಯಿ ಕರಗಿತು. ಹೊಗೆ ಎದ್ದಿತು. ಕಾಕಾ ಕೆಮ್ಮುತ್ತ ಸೀಸವನ್ನು ಗೊಂಬೆಯೊಳಗೆ ಹೊಯ್ದ. ಗೊಂಬೆ ಪ್ಲಾಸ್ಟಿಕ್ಕಿನದು. ಅದರ ಬುಡವೇ ಕರಗಿ ನೆಲಕ್ಕಂಟಿತು.

"ಈಗ ನೋಡು, ಎಂದೂ ಬೀಳಂಗಿಲ್ಲ," ಎಂದ ಕಾಕಾ.

ಇಬ್ಬರೂ ಹುಣಸೆಹಣ್ಣು ಹಾಕಿ ಮಾಳವ್ವನನ್ನು ತಿಕ್ಕಿದರು. ಅವಳು ಫಳಫಳ ಹೊಳೆದಳು. ಕಾಕಾ ಸಂಜೆಯ ಬಸ್ಸು ಹತ್ತಿ ಪಾರಾದ.

ಮರುದಿನ ಶಾಲೆಯಲ್ಲಿ ಈ ಕತೆ ಕೇಳಿ ಟೀಚರು ನಗಲಿಲ್ಲ. ಸೀಸ ವಿಷ, ಅದರ ಹೊಗೆಯೂ ವಿಷ, ಮಕ್ಕಳು ಅದರ ಹತ್ತಿರವೂ ಹೋಗಬಾರದು ಎಂದರು. ಆ ಪಾತ್ರೆಯನ್ನು ಎಷ್ಟು ತೊಳೆದರೂ ಇನ್ನು ಅಡುಗೆಗೆ ಬಳಸಬಾರದು ಎಂದರು.

ಇವತ್ತು ನೋಡಿದರೆ ಮಾಳವ್ವನನ್ನು ಕೊಟ್ಟವರ ಪುಣ್ಯತಿಥಿ. ಸಂಭಾಜಿನಗರದಿಂದ ನೆಂಟರು ಬರುವವರಿದ್ದರು. ಆ ಬೋಗುಣಿಯಲ್ಲೇ ಗೋಧಿ ಹುಗ್ಗಿ ಮಾಡುವುದು ಅಜ್ಜಿಯ ಪದ್ಧತಿ. ಬೈಗುಳಕ್ಕೆ ಹೆದರಿದ ಉಮಾಶ್ರೀ ಬೆಳಿಗ್ಗೆ ಎದ್ದವಳೇ ಬೋಗುಣಿಯನ್ನು ಬಚ್ಚಿಟ್ಟಿದ್ದಳು.

ಢಣ್! ಢಣಢಣ್! ಢಣ್!

"ಭೂಕಂಪ!" ಎಂದು ಮೃದುಲಾ ಕಾಕು ಕಂಬ ಹಿಡಿದುಕೊಂಡರು.

ಸದ್ದು ಬರುತ್ತಿದ್ದದ್ದು ವಾಷಿಂಗ್ ಮಷೀನಿನಿಂದ. ಅಮ್ಮ ನೋಡದೆಯೇ ಬಟ್ಟೆ ಹಾಕಿ ಬಟನ್ ಒತ್ತಿದ್ದಳು. ಮಷೀನು ನಿಲ್ಲಿಸಿ ಮುಚ್ಚಳ ತೆಗೆದರೆ ಅಪ್ಪನ ಪೈಜಾಮ ಸುತ್ತಿಕೊಂಡು, ಮೈತುಂಬ ನೊರೆ ಮಾಡಿಕೊಂಡು ಮಾಳವ್ವ ಕುಳಿತಿದ್ದಳು!

"ಬಾ ನಮ್ಮವ್ವ, ಜಳಕಾ ಮುಗೀತೇನು?" ಎನ್ನುತ್ತ ಅಜ್ಜಿ ಬೋಗುಣಿ ತೊಳೆದು ಒಲೆಯ ಮೇಲಿಟ್ಟಳು. ಕುಟ್ಟಿದ ಗೋಧಿಯ ಬಟ್ಟಲಿಗೆ ಕೈ ಚಾಚಿದಳು.

"ಹಾಕ್‌ಬ್ಯಾಡ್ರಿ ಅಜ್ಜಿ!" ಉಮಾಶ್ರೀ ಬೋಗುಣಿಯನ್ನು ಎಳೆದು ಎದೆಗೆ ಅಪ್ಪಿಕೊಂಡಳು. "ಅದ್ರಾಗ ನಾನೂ ಕಾಕಾನೂ ಸೀಸ ಕರಗಿಸೀವಿ. ಅದು ಪಾಯ್ಸನ್ ಅದ. ಎಲ್ಲರಿಗೂ ಜಡ್ಡು ಬರ್ತದ!"

ಅಜ್ಜಿ ಬೋಗುಣಿಯನ್ನು ತೆಗೆದುಕೊಂಡು ನೆಲದ ಮೇಲೆ ಕುಳಿತಳು. ಕೊರೆದ ಹೆಸರಿನ ಮೇಲೆ ಬೆರಳಾಡಿಸಿದಳು. ಅವಳ ಕಣ್ಣು ತುಂಬಿದವು.

"ಬೈರಿ ಅಜ್ಜಿ," ಎಂದಳು ಉಮಾಶ್ರೀ ಮೆಲ್ಲಗೆ.

"ಬೈಯೋದು ಕಾಕಾಗ ಬಾಕಿ ಅದ. ನಿನ್ನ ಹೊಟ್ಟಿಯಾಗ ಏನೂ ಹೋಗಿಲ್ಲಲ್ಲ?"

"ಇಲ್ರಿ."

"ನಾಳಿ ಡಾಕ್ಟರಿಗಿ ತೋರ್ಸೋಣು," ಎಂದು ಅಜ್ಜಿ ಮೂಗು ಒರೆಸಿಕೊಂಡಳು. "ನಮ್ಮಕ್ಕ ಇದ್ದಿದ್ರ ಕಾಕಾಗ ಸೌಟಿಲೇ ಬಡೀತಿದ್ಲು. ಸಣ್ಣಾಕಿ ಇದ್ದಾಗ ನಾನು ಹಾಲು ಚೆಲ್ಲಿದ್ರ, 'ಬೆಕ್ಕು ಚೆಲ್ಲೇದ' ಅಂತ ಹೇಳಿ ಉಳಸ್ತಿದ್ಲು. ನಮ್ಮನ್ಯಾಗ ಬೆಕ್ಕೇ ಇದ್ದಿದ್ದಿಲ್ಲ!"

ಉಮಾಶ್ರೀಗೆ ನಗು ಬಂತು. ಆದರೆ ನಡುವೆಯೇ ನಿಂತುಹೋಯಿತು. ಬೋಗುಣಿ ಕೊಟ್ಟ ಮಾಳವ್ವನಿಗೆ ಒಬ್ಬ ತಂಗಿ ಇದ್ದಳು. ಆ ತಂಗಿ ಈಗ ಎದುರಿಗೇ ಕುಳಿತು ಮೂಗು ಒರೆಸಿಕೊಳ್ಳುತ್ತಿದ್ದಳು.

ಹುಗ್ಗಿ ಗುರುಲಿಂಗಪ್ಪನಲ್ಲಿ ಆಯಿತು. ಅಜ್ಜಿ ಅದನ್ನು ದೇವರ ಮುಂದಿಟ್ಟಳು. ಹಣೆಗೆ ವಿಭೂತಿ ಹಚ್ಚಿಕೊಂಡು ಕೈ ಮುಗಿದಳು. ಅವಳ ತುಟಿ ಅಲುಗಿತು, ಮಾತು ಕೇಳಿಸಲಿಲ್ಲ.

ಉಮಾಶ್ರೀ ಪಕ್ಕದಲ್ಲಿ ಕುಳಿತು ಕಣ್ಣು ಮುಚ್ಚಿದಳು.

"ಶಿವನೇ," ಎಂದಳು, "ನಮ್ಮ ಮಾಳವ್ವಜ್ಜಿನ್ನ ನಿನ್ನ ಹಂತೇಕ ಚೆಂದ ಇಟ್ಕೋ. ಆಕಿಗಿ ಶಾಂತಿ ಕೊಡು."