ವಿಷ್ಣುವಿನ ಊರು ಮತ್ತು ತೆವಳುವ ಕಂಪ್ಯೂಟರ್

“ಅಮ್ಮಾ, ಇನ್ನೂ ಬುರುಡೆ ಮಾತ್ರ ಬಂದಿದೆ!”

ಹಾಲ್‌ನಿಂದ ಸುಕೃತಿ ಕೂಗಿದ್ದಕ್ಕೆ ಅಡುಗೆಮನೆಯಲ್ಲಿದ್ದ ಅಮ್ಮ ಬೆಚ್ಚಿಬಿದ್ದರು. ಬಿಡಿಸುತ್ತಿದ್ದ ಅವರೆಕಾಯಿ ಕೈಯಿಂದ ಜಾರಿತು. ಆಮೇಲೆ ವಿಷಯ ನೆನಪಾಗಿ ನಗು ಬಂತು. ಐದನೇ ಕ್ಲಾಸಿನ ಸುಕೃತಿ ಸೋಮವಾರ ಸ್ಕೂಲಿನಲ್ಲಿ ‘ನಮ್ಮ ದೇಹದ ಮೂಳೆಗಳು’ ಅನ್ನುವ ಪ್ರಾಜೆಕ್ಟ್ ತೋರಿಸಬೇಕಿತ್ತು. ಅದಕ್ಕೆಂದು ಕಂಪ್ಯೂಟರಿನಲ್ಲಿ ಅಸ್ಥಿಪಂಜರದ ಚಿತ್ರ ತೆರೆಯಲು ಹೋಗಿ ಆಗಲೇ ಕಾಲು ಗಂಟೆಯಾಗಿತ್ತು.

“ಸ್ವಲ್ಪ ತಾಳು ಪುಟ್ಟಿ, ಕತ್ತೂ ಬರುತ್ತೆ,” ಎಂದರು ಅಮ್ಮ.

“ಕತ್ತು ಬರೋ ಹೊತ್ತಿಗೆ ನಾನು ಆರನೇ ಕ್ಲಾಸಲ್ಲಿ ಇರ್ತೀನಿ!”

ಆ ಕಂಪ್ಯೂಟರ್ ಮೊದಲು ಹೀಗಿರಲಿಲ್ಲ. ಬ್ರೂಕ್‌ಫೀಲ್ಡ್‌ನ ಆ ಮನೆಯಲ್ಲಿ ಎಲ್ಲರ ಕೆಲಸವನ್ನೂ ಅದೇ ಮಾಡಿಕೊಡುತ್ತಿತ್ತು. ಅಪ್ಪನ ಹತ್ತಿರ ಆಫೀಸಿನ ಲ್ಯಾಪ್‌ಟಾಪ್ ಇತ್ತು, ನಿಜ. ಆದರೆ ಅದನ್ನು ಮುಟ್ಟುವ ಮಾತಿರಲಿ, ಅದರ ಪಕ್ಕ ನೀರಿನ ಲೋಟ ಇಟ್ಟರೂ ಅಪ್ಪ ಕಣ್ಣು ಕೆಂಪಗೆ ಮಾಡುತ್ತಿದ್ದರು. ಹಾಗಾಗಿ ಮಕ್ಕಳಿಗೆ ಹಾಲ್‌ನ ಕಂಪ್ಯೂಟರೇ ಗತಿ.

ದಸರಾ ರಜೆ ಮುಗಿದಾಗಿನಿಂದ ಅದಕ್ಕೆ ಏನಾಗಿತ್ತೋ ಏನೋ. ಆನ್ ಮಾಡಿದ ಮೇಲೆ ಐದು ನಿಮಿಷ ಜಾಣಮರಿಯ ಹಾಗೆ ಇರುತ್ತಿತ್ತು. ಆಮೇಲೆ ತೆವಳಲು ಶುರು. ಒಂದು ಪದ ಟೈಪ್ ಮಾಡಿ ನೀರು ಕುಡಿದು ಬಂದರೂ ಪರದೆಯ ಮೇಲೆ ಅರ್ಧ ಪದ ಮಾತ್ರ ಇರುತ್ತಿತ್ತು. ಆಫ್ ಮಾಡಿ ಆನ್ ಮಾಡಿದ್ದಾಯಿತು. ಹಳೇ ಫೋಟೋಗಳನ್ನು ಅಳಿಸಿದ್ದಾಯಿತು. ಮೆಲ್ಲಗೆ ಎರಡು ಏಟು ಕೊಟ್ಟಿದ್ದೂ ಆಯಿತು. ಅದು ಜಪ್ಪಯ್ಯ ಅನ್ನಲಿಲ್ಲ.

ತೊಂದರೆ ಏನೆಂದು ಸುಕೃತಿಗೆ ಚೆನ್ನಾಗಿ ಗೊತ್ತಿತ್ತು. ಅಂದರೆ, ಗೊತ್ತಿದೆ ಎಂದುಕೊಂಡಿದ್ದಳು.

“ಎಲ್ಲಾ ಅಣ್ಣನ ಗೇಮ್‌ನಿಂದಾನೇ ಅಮ್ಮ. ಅಷ್ಟು ದೊಡ್ಡ ಗೇಮ್ ತುಂಬಿಸಿಟ್ರೆ ಪಾಪ ಇದು ಹೆಂಗೆ ಓಡುತ್ತೆ? ತೆಗೆದುಬಿಡ್ಲಾ?”

“ಅವನು ಬರ್ಲಿ. ಅವನನ್ನ ಕೇಳಿ ತೆಗಿ.”

ಎಂಟನೇ ಕ್ಲಾಸಿನ ವಿಷ್ಣು ಕ್ರಿಕೆಟ್ ಆಡಲು ಹೋಗಿದ್ದ. ಅವನ ಗೇಮ್‌ನಲ್ಲಿ ಯಾರೂ ಯಾರಿಗೂ ಹೊಡೆಯುತ್ತಿರಲಿಲ್ಲ. ಅದರಲ್ಲಿ ಊರು ಕಟ್ಟಬೇಕಿತ್ತು. ಏಳು ತಿಂಗಳಿನಿಂದ ದಿನಕ್ಕೆ ಅರ್ಧ ಗಂಟೆಯಂತೆ ಅವನು ತನ್ನ ಊರನ್ನು ಕಟ್ಟುತ್ತಲೇ ಇದ್ದ. ಆ ಊರಿನಲ್ಲಿ ಹದಿನಾಲ್ಕು ಸೇತುವೆಗಳಿದ್ದವು. ಮೆಟ್ರೋ ರೈಲು ಪ್ರತಿ ಬೀದಿಯ ಮೂಲೆಗೂ ಬರುತ್ತಿತ್ತು. ಮಾರತ್ತಹಳ್ಳಿಯ ಟ್ರಾಫಿಕ್‌ನಲ್ಲಿ ದಿನಾ ಸ್ಕೂಲ್ ಬಸ್ಸಿನೊಳಗೆ ಬೇಯುವ ಹುಡುಗ ಕಟ್ಟಿದ ಊರು ಇನ್ನು ಹೇಗಿರುತ್ತದೆ ಹೇಳಿ!

ಕೇಳಿದರೆ ಅಣ್ಣ ಬೇಡ ಅನ್ನುತ್ತಾನೆ. ಬೇಡ ಅನ್ನುತ್ತಾನೆಂದು ಗೊತ್ತಿರುವಾಗ ಕೇಳುವುದಾದರೂ ಯಾಕೆ? ಸುಕೃತಿಯ ಯೋಚನೆ ಇಷ್ಟು ಸಲೀಸಾಗಿತ್ತು. ಅವಳು ಮೌಸ್ ಹಿಡಿದಳು. ಎರಡು ಕಡೆ ಒತ್ತಿದಳು. ಗೇಮ್ ಹೋಯಿತು. ಅದರ ಜೊತೆಗೇ ಊರೂ ಹೋಯಿತು.

ಈಗ ನೋಡಿ ಮಜಾ ಎಂದು ಮತ್ತೆ ಅಸ್ಥಿಪಂಜರದ ಚಿತ್ರ ತೆರೆದಳು. ಬುರುಡೆ ಬಂತು. ಸ್ವಲ್ಪ ಹೊತ್ತಿನ ಮೇಲೆ ಕತ್ತು ಬಂತು. ಭುಜದ ಹತ್ತಿರ ಬಂದು ನಿಂತುಕೊಂಡಿತು. ಸುಕೃತಿಯ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ವಿಷ್ಣು ಬಂದ. ಬೆವರು ಒರೆಸಿಕೊಳ್ಳುತ್ತಾ ಪರದೆಯ ಕಡೆ ನೋಡಿದವನು ಅಲ್ಲೇ ನಿಂತ. ಗೇಮ್‌ನ ಚಿಕ್ಕ ಹಸಿರು ಚಿತ್ರ ಇರಬೇಕಾದ ಜಾಗ ಖಾಲಿಯಾಗಿತ್ತು.

“ನನ್ನ ಊರೆಲ್ಲೇ?”

“ತೆಗೆದುಬಿಟ್ಟೆ. ನಿನ್ನಿಂದಾನೇ ಕಂಪ್ಯೂಟರ್ ಸ್ಲೋ ಆಗಿದ್ದು. ನಂಗೆ ಸೋಮವಾರ ಪ್ರಾಜೆಕ್ಟ್ ಇದೆ, ಗೊತ್ತಾ?”

ಅಣ್ಣ ಕೂಗಾಡುತ್ತಾನೆ ಎಂದು ಅವಳು ಕಾದಳು. ಅವನು ಕೂಗಾಡಿದ್ದರೆ ಅವಳೂ ಕೂಗಾಡುತ್ತಿದ್ದಳು. ಅದು ಅವಳಿಗೆ ಬಹಳ ಚೆನ್ನಾಗಿ ಬರುತ್ತಿತ್ತು. ಆದರೆ ವಿಷ್ಣು ಶೂ ಕೂಡ ಬಿಚ್ಚದೆ ಹೋಗಿ ದಿವಾನದ ಮೇಲೆ ಕೂತ.

“ಊರಲ್ಲಿ ತಾತಂಗೆ ಅಂತ ಒಂದು ಮನೆ ಕಟ್ಟಿದ್ದೆ ಕಣೇ,” ಎಂದ. “ನಿನ್ನೆ ತಾನೇ ಅದಕ್ಕೆ ಲಿಫ್ಟ್ ಹಾಕಿದ್ದೆ.”

ಸುಕೃತಿ ಮೌಸ್‌ನ ವೈರನ್ನು ಬೆರಳಿಗೆ ಸುತ್ತಿಕೊಂಡಳು.

“ಹೋಗ್ಲಿ, ಈಗಾದ್ರೂ ಫಾಸ್ಟ್ ಆಯ್ತಾ?”

ಸುಕೃತಿ ಪರದೆಯ ಕಡೆ ನೋಡಿದಳು. ಅಸ್ಥಿಪಂಜರದ ಭುಜದ ಕೆಳಗೆ ಇನ್ನೂ ಏನೂ ಬಂದಿರಲಿಲ್ಲ.

ಮಧ್ಯಾಹ್ನದ ನಿದ್ದೆ ಮುಗಿಸಿ ತಾತ ಹಾಲ್‌ಗೆ ಬಂದರು. ತಾತನ ಹೆಸರು ವೆಂಕಟಸುಬ್ಬಯ್ಯ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅವರಿಗೆ ಕಂಪ್ಯೂಟರ್ ಬಳಸಲು ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಮನೆಯಲ್ಲಿ ಮಿಕ್ಸಿ ಕೆಮ್ಮಿದರೂ ಮೋಟಾರು ಮುನಿಸಿಕೊಂಡರೂ ಎಲ್ಲರೂ ಓಡುತ್ತಿದ್ದುದು ಅವರ ಹತ್ತಿರವೇ.

“ಏನ್ರೋ, ಇಬ್ಬರೂ ಹೀಗೆ ಮುಖ ಊದಿಸ್ಕೊಂಡಿದೀರ?”

ವಿಷಯ ಕೇಳಿದ ತಾತ ಪರದೆಯನ್ನು ನೋಡಲೇ ಇಲ್ಲ. ಮೇಜಿನ ಕೆಳಗೆ ಬಗ್ಗಿ, ಸಿಪಿಯು ಡಬ್ಬದ ಬೆನ್ನಿಗೆ ಅಂಗೈ ಇಟ್ಟರು. ಮಗುವಿನ ಹಣೆ ಮುಟ್ಟಿ ನೋಡುವಂತೆ ಸ್ವಲ್ಪ ಹೊತ್ತು ಹಾಗೇ ಇದ್ದರು.

“ಅಯ್ಯೋ, ಇದಕ್ಕೆ ಜ್ವರ ಬಂದಿದೆಯಲ್ಲೋ! ನನ್ನ ಉದ್ದದ ಸ್ಕ್ರೂಡ್ರೈವರ್ ತಗೊಂಡ್ಬಾ.”

ವಿಷ್ಣು ತಂದುಕೊಟ್ಟ. ತಾತ ಅದರ ತುದಿಯನ್ನು ಡಬ್ಬಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

“ಇದೇನು ತಾತ, ಡಾಕ್ಟರ್ ಥರ?” ಸುಕೃತಿಗೆ ನಗು ತಡೆಯಲಾಗಲಿಲ್ಲ.

“ನಮ್ಮ ಕಾರ್ಖಾನೆ ಶಾಪಲ್ಲಿ ಮೆಷಿನ್ ಕೆಟ್ರೆ ಹೀಗೇ ಕೇಳ್ತಿದ್ವಿ. ಅದರ ಒಳಗಿನ ಸದ್ದೆಲ್ಲಾ ಸ್ಕ್ರೂಡ್ರೈವರ್ ಮೂಲಕ ಬಂದು ಕಿವೀಲಿ ಹೇಳುತ್ತೆ. ಬಾ, ನೀನೂ ಕೇಳು.”

ಸುಕೃತಿ ಕಿವಿ ಇಟ್ಟಳು. ಒಳಗೆ ಏನೋ ‘ಟರ್ರ್, ಟಕ್, ಟರ್ರ್, ಟಕ್’ ಎಂದು ಒದ್ದಾಡುತ್ತಿತ್ತು. ವಿಷ್ಣು ಬೇಜಾರು ಮರೆತು, “ನಂಗೆ ಕೊಡಿ, ನಂಗೆ ಕೊಡಿ” ಎಂದು ತಾನೂ ಕಿವಿಯಿಟ್ಟ.

“ಫ್ಯಾನ್ ತಾತ! ಒಳಗಡೆ ಫ್ಯಾನ್ ಸರಿಯಾಗಿ ತಿರುಗ್ತಿಲ್ಲ. ಗಾಳಿ ಇಲ್ದೆ ಬಿಸಿಯಾಗಿ ಸುಸ್ತಾಗ್ತಿದೆ.”

“ಹಾಗನ್ನು ಮತ್ತೆ. ಸರಿ, ಬಿಚ್ಚೋಣ. ಮೊದಲು ಆಫ್ ಮಾಡಿ, ವೈರ್ ಕಿತ್ತು ಈಚೆ ಇಡು. ಓಡೋ ಮೆಷಿನ್‌ಗೆ ಕೈ ಹಾಕಿದೋನಿಗೆ ನಮ್ಮ ಶಾಪಲ್ಲಿ ಒಂದು ವಾರ ಕಸ ಗುಡಿಸೋಕೆ ಪೊರಕೆ ಕೊಡ್ತಿದ್ರು.”

ಡಬ್ಬ ತಣ್ಣಗಾಗುವವರೆಗೆ ಕಾದು ಸ್ಕ್ರೂಗಳನ್ನು ಬಿಚ್ಚಿದರು. ಪಕ್ಕದ ತಗಡು ಕೈಗೆ ಬಂತು. ಮೂವರೂ ಒಟ್ಟಿಗೆ ಬಗ್ಗಿ ನೋಡಿದರು.

ಒಳಗೆಲ್ಲಾ ಕಿತ್ತಳೆ ಬಣ್ಣ! ಒಣಗಿ ಮುದುರಿದ ಚೆಂಡು ಹೂವಿನ ಎಸಳುಗಳು ಮೂಲೆ ಮೂಲೆಯಲ್ಲಿ ಕೂತಿದ್ದವು. ಫ್ಯಾನಿನ ರೆಕ್ಕೆಗಳ ಸುತ್ತ ಇನ್ನಷ್ಟು ಎಸಳುಗಳು ಧೂಳಿನ ಜೊತೆ ಸೇರಿ ಗಟ್ಟಿಯಾಗಿದ್ದವು. ಅಲ್ಲಲ್ಲಿ ಅಕ್ಷತೆ ಕಾಳು, ಕುಂಕುಮದ ಪುಡಿ ಬೇರೆ.

ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ಓಡಿ ಬಂದು ನೋಡಿ ಅವರೂ ನಕ್ಕರು. ತಾತ ಸೊಸೆಯ ಕಡೆ ತಿರುಗಿದರು.

“ಆಯುಧಪೂಜೆ ಹೂವು! ಪ್ರಿಯಂವದಾ, ಹೂವು ಮುಡಿಸೋದು ಮೆಷಿನ್‌ನ ತಲೆಗೆ ಕಣಮ್ಮ. ಹೊಟ್ಟೆಗೆ ತುಂಬಿಸಿದೋರು ಯಾರು?”

“ನಾನಲ್ಲ ಮಾವ. ನಾನು ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟು ಒಲೆ ಮುಂದೆ ಹೋಗಿದ್ದೆ.”

“ನಾನು ಸೈಕಲ್ ಪೂಜೆ ಮಾಡ್ತಿದ್ದೆ,” ಎಂದ ವಿಷ್ಣು.

ತಾತ ತಲೆ ಕೆರೆದುಕೊಂಡರು. ಅವರ ನಗು ಸ್ವಲ್ಪ ಕಡಿಮೆಯಾಯಿತು. “ಹಾಗಾದ್ರೆ ನಾನೇ ಇರ್ಬೇಕು. ಈಗೀಗ ಏನು ಮಾಡ್ತೀನೋ ನಂಗೇ ನೆನಪಿರಲ್ಲ. ಇಷ್ಟು ವರ್ಷ ಮೆಷಿನ್ ಜೊತೆ ಕೆಲಸ ಮಾಡಿ ಇಂಥಾ ತಪ್ಪು ಮಾಡೋದಾ!”

ಸುಕೃತಿಯನ್ನು ಯಾರೂ ಕೇಳಲಿಲ್ಲ. ಅವಳಿಗೆ ಮಾತ್ರ ಎಲ್ಲವೂ ನೆನಪಿತ್ತು.

ಅವತ್ತು ಅವಳು ಹೊಸ ಲಂಗ ಹಾಕಿಕೊಂಡು ಹೂವಿನ ತಟ್ಟೆ ಹಿಡಿದು ಬಂದಿದ್ದಳು. ಡಬ್ಬದ ಮೇಲೆ ಇಟ್ಟ ಹೂವು ಮತ್ತೆ ಮತ್ತೆ ಜಾರುತ್ತಿತ್ತು. ಪಾಪ, ಎಲ್ಲಕ್ಕೂ ಹೂವಿದೆ, ಇದಕ್ಕಿಲ್ಲವಲ್ಲ ಎಂದು ಅವಳ ಕರುಳು ಚುರುಕ್ ಎಂದಿತ್ತು. ಡಬ್ಬದ ಮೇಲುಗಡೆ ಸಾಲಾಗಿ ತೂತುಗಳಿದ್ದವು. ಎಸಳು ಬಿಡಿಸಿ ಒಂದೊಂದೇ ತೂತಿಗೆ ಸಿಕ್ಕಿಸಿದ್ದಳು. ಬಿದ್ದುಹೋದ ಹಾಗೆಲ್ಲಾ ಇನ್ನಷ್ಟು ಸಿಕ್ಕಿಸಿದ್ದಳು. ಕೊನೆಗೆ ಮೂರು ಸಲ ಅಕ್ಷತೆ ಹಾಕಿ, “ಕಂಪ್ಯೂಟರಪ್ಪಾ, ಯಾವಾಗಲೂ ಫಾಸ್ಟಾಗಿರು” ಎಂದು ಕೈಮುಗಿದಿದ್ದಳು.

ಈಗ ಸುಮ್ಮನಿದ್ದರೆ ಮುಗಿಯಿತು. ತಾತ ಮಾಡಿದ್ದು ಎಂದು ಎಲ್ಲರೂ ನಂಬುತ್ತಾರೆ. ತಾತನನ್ನು ಯಾರೂ ಬೈಯುವುದಿಲ್ಲ. ಆದರೆ ತಾತ ಒಂದು ಒಣ ಎಸಳನ್ನು ಬೆರಳಿನಲ್ಲಿ ಹಿಡಿದು, ನಿಜವಾಗಿಯೂ ನೆನಪು ಮಾಡಿಕೊಳ್ಳಲು ಕಷ್ಟಪಡುತ್ತಿದ್ದರು. ಸುಕೃತಿಗೆ ಅದನ್ನು ನೋಡಲಾಗಲಿಲ್ಲ.

“ನೀವಲ್ಲ ತಾತ,” ಎಂದಳು. “ನಾನು.”

ಹೇಗೆ ಮಾಡಿದೆನೆಂದು ಎಲ್ಲವನ್ನೂ ಹೇಳಿದಳು. ‘ಕಂಪ್ಯೂಟರಪ್ಪ’ ಅನ್ನುವಾಗ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ತಾತ ಮೊಮ್ಮಗಳ ತಲೆ ಸವರಿ, “ಸದ್ಯ, ನಂಗಿನ್ನೂ ಮರೆವು ಬಂದಿಲ್ಲ” ಎಂದರು. ಅವರ ಮುಖ ಅರಳಿತು.

ತಪ್ಪೊಪ್ಪಿಗೆಯಲ್ಲಿ ಅದು ಸುಲಭದ ಅರ್ಧ. ಕಷ್ಟದ ಅರ್ಧ ಪಕ್ಕದಲ್ಲೇ ಮಂಡಿಯೂರಿ ಕೂತಿತ್ತು. ವಿಷ್ಣು ಆಗಲೇ ಹಳೇ ಪೇಂಟ್ ಬ್ರಷ್ ಹಿಡಿದು ಎಸಳುಗಳನ್ನು ಗುಡಿಸತೊಡಗಿದ್ದ.

“ಅಣ್ಣ, ನಿನ್ನ ಗೇಮ್ ಏನೂ ಮಾಡಿರ್ಲಿಲ್ಲ,” ಎಂದಳು ಸುಕೃತಿ. “ಅಮ್ಮ ನಿನ್ನ ಕೇಳು ಅಂದಿದ್ರು. ನಾನು ಕೇಳ್ಲಿಲ್ಲ. ಸಾರಿ.”

ಅವನು ತಲೆ ಎತ್ತಲಿಲ್ಲ. “ಹ್ಞೂಂ,” ಎಂದ. ಇನ್ನೊಂದಷ್ಟು ಎಸಳು ಗುಡಿಸಿ, “ರೆಕ್ಕೆ ಸಂದೀಲಿ ಅಕ್ಷತೆ ಕಾಳು ಸಿಕ್ಕೊಂಡಿದೆ. ನಿನ್ನ ಬೆರಳು ಸಣ್ಣ, ತೆಗಿ” ಎಂದ.

ಸುಕೃತಿ ಉಸಿರು ಬಿಗಿಹಿಡಿದು ಕಾಳನ್ನು ತೆಗೆದಳು. ತಾತ ಫ್ಯಾನನ್ನು ಬೆರಳಿನಿಂದ ತಿರುಗಿಸಿದರು. ಅದು ಸಲೀಸಾಗಿ ಸುತ್ತಿತು.

ತಗಡು ಮುಚ್ಚಿ, ವೈರ್ ಸಿಕ್ಕಿಸಿ, ಆನ್ ಮಾಡಿದರು. ಹತ್ತು ನಿಮಿಷ ಕಾದು ಸುಕೃತಿ ಚಿತ್ರ ತೆರೆದಳು. ಬುರುಡೆಯಿಂದ ಕಾಲಿನ ಬೆರಳಿನವರೆಗೆ ಇಡೀ ಅಸ್ಥಿಪಂಜರ ಒಂದೇ ಸಲಕ್ಕೆ ಬಂದು ಹಲ್ಲು ಬಿಟ್ಟಿತು. ಅಮ್ಮ ಚಪ್ಪಾಳೆ ತಟ್ಟಿದರು.

“ಹ್ಞಾಂ, ಕೂತ್ಕೊಂಡು ಪ್ರಾಜೆಕ್ಟ್ ಮುಗಿಸು ಪುಟ್ಟಿ.”

“ನಾಳೆ ಮಾಡ್ತೀನಿ ಅಮ್ಮ. ಭಾನುವಾರ ಪೂರ್ತಿ ಇದೆಯಲ್ಲ.” ಸುಕೃತಿ ಕುರ್ಚಿಯಿಂದ ಎದ್ದಳು. “ಅಣ್ಣ, ನೀನು ಬಾ.”

ವಿಷ್ಣು ಗೇಮನ್ನು ಮತ್ತೆ ಹಾಕಿಕೊಂಡು ತೆರೆದ. ಪರದೆಯ ತುಂಬ ಬರೀ ಹಸಿರು ಬಯಲು. ಒಂದು ಮನೆಯಿಲ್ಲ, ಒಂದು ಕಂಬವಿಲ್ಲ. ಅವನು ಒಮ್ಮೆ ಉಸಿರುಬಿಟ್ಟು ರಸ್ತೆ ಹಾಕಲು ಶುರುಮಾಡಿದ. ಸುಕೃತಿ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು.

ಒಂದು ತುಂಡು ರಸ್ತೆ. ಅದರ ಪಕ್ಕ ಚರಂಡಿ. ಒಂದು ದೀಪದ ಕಂಬ. ಕಂಬ ಸರಿಯಿಲ್ಲ ಎಂದು ಸರಿಸಿದ. ಮತ್ತೆ ಸರಿಸಿದ. ಕಂಪ್ಯೂಟರ್ ಈಗ ಎಲ್ಲೂ ನಿಲ್ಲುತ್ತಿರಲಿಲ್ಲ, ಆದರೂ ಅರ್ಧ ಗಂಟೆಯಾದಾಗ ಬಯಲಿನಲ್ಲಿ ಇದ್ದದ್ದು ಒಂದು ಬೀದಿ, ಎರಡು ಮನೆ. ಸುಕೃತಿ ಹದಿನಾಲ್ಕು ಸೇತುವೆಗಳನ್ನು ನೆನೆಸಿಕೊಂಡಳು. ಇಷ್ಟೊಂದು ಕೆಲಸ ಇರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಯಾವತ್ತೂ ಹೀಗೆ ಪಕ್ಕದಲ್ಲಿ ಕೂತು ನೋಡಿರಲಿಲ್ಲ.

“ಮರ ನೆಡ್ತೀಯಾ?” ವಿಷ್ಣು ಇದ್ದಕ್ಕಿದ್ದಂತೆ ಮೌಸ್ ಅವಳ ಕಡೆ ತಳ್ಳಿದ.

ಸುಕೃತಿ ಖುಷಿಯಿಂದ ನೆಟ್ಟಳು. ಕೈ ಜಾರಿ ಮರ ಬೀದಿಯ ತುದಿಯಲ್ಲಿ, ಮುಂದೆ ರಸ್ತೆ ಬರಬೇಕಾದ ಜಾಗದಲ್ಲೇ ನಿಂತಿತು. ಅಯ್ಯೋ ಎಂದು ಅದನ್ನು ಅಳಿಸಲು ಹೋದವಳು ಬೆರಳನ್ನು ಹಾಗೇ ತಡೆದಳು.

“ಅಣ್ಣ, ಇದನ್ನ ತೆಗೀಲಾ?”

ವಿಷ್ಣು ಮರವನ್ನು ನೋಡಿದ. ಆಮೇಲೆ ತಂಗಿಯನ್ನು ನೋಡಿದ.

“ಬೇಡ, ಇರ್ಲಿ ಬಿಡು,” ಎಂದ. “ರಸ್ತೇನೇ ಸುತ್ತಾಕ್ಕೊಂಡು ಹೋಗ್ಲಿ.”

ಅವನು ಮೌಸ್ ತೆಗೆದುಕೊಂಡು, ಮರದ ಸುತ್ತ ರಸ್ತೆಯನ್ನು ಮೆಲ್ಲಗೆ ಬಾಗಿಸತೊಡಗಿದ.